ಹುಳಿಯತ್ತೆಯನ್ನು ಸಣ್ಣವರ ಪಟ್ಟಿಯಿಂದ ತೆಗೆದದ್ದು

ನನ್ನ ಸೋದರತ್ತೆಯನ್ನು ಮನೆಯವರೆಲ್ಲ ಹುಳಿಯತ್ತೆ ಅನ್ನುತ್ತಿದ್ದೆವು. ಸದಾ ಮುಖ ಹುಳಿ ಮಾಡಿಕೊಂಡಿರುವುದರಿಂದ ಆ ಹೆಸರು ಬಂತೆಂದು ಹೊರಗಿನವರು ತಿಳಿದಿದ್ದರು. ಮುಖದ ಮಾತು ಸುಳ್ಳಲ್ಲ, ಆದರೆ ಹೆಸರು ಬಂದದ್ದು ಕೆಲಸದಿಂದ. ಹತ್ತೊಂಬತ್ತು ವರ್ಷ ಅವಳು ಹಾಲಿನ ಡೇರಿಯಲ್ಲಿದ್ದಳು. ಬಂದ ಕ್ಯಾನುಗಳ ಮುಚ್ಚಳ ತೆಗೆದು, ಮೂಸಿ, ಯಾವುದು ಹುಳಿಗೆ ತಿರುಗುತ್ತಿದೆ ಎಂದು ಹೇಳುವುದು ಅವಳ ಪಾಲಿನ ಕೆಲಸ. ಪರೀಕ್ಷೆಯ ಯಂತ್ರ ಬಂದಮೇಲೂ ಮೇಲಧಿಕಾರಿಗಳು ಅವಳ ಮುಖ ನೋಡಿಯೇ ರುಜು ಹಾಕುತ್ತಿದ್ದರು.

ಡೇರಿ ಇನ್ನೊಂದು ಡೇರಿಯೊಳಗೆ ಸೇರಿಹೋದಾಗ ಅವಳನ್ನು ಮನೆಗೆ ಕಳಿಸಿದರು. ಪೈಪು ಕೆಲಸದವನಾದ ಮಾವ ಆಗ ಹಿತ್ತಲಲ್ಲಿ ಒಂದು ಬಕೆಟ್ಟಿನಲ್ಲಿ ತಾನೇ ಬಿಯರ್ ಮಾಡಲು ಹೊರಟಿದ್ದ. ಅತ್ತೆ ಮುಚ್ಚಳ ಎತ್ತಿ ಒಂದೇ ಸಲ ಮೂಸಿದಳು.

"ಇದು ಬಿಯರಲ್ಲ, ಒದ್ದೆ ಕಾಲುಚೀಲ" ಅಂದಳು. "ಪಾತ್ರೆ ತೊಳೆಯೋಕೆ ಬರದವನು ಹುದುಗು ಬರಿಸೋಕೆ ಹೊರಟಿದಾನೆ. ಸರಿ ಆಕಡೆ."

ಅವತ್ತಿನಿಂದ ಬಕೆಟ್ಟು ಅವಳದಾಯಿತು. ಎರಡು ವರ್ಷದ ಮೇಲೆ ಗಂಡಹೆಂಡಿರು ಮುಚ್ಚಿಹೋಗಿದ್ದ ಒಂದು ಲಾಂಡ್ರಿಯನ್ನು ಬಾಡಿಗೆಗೆ ಹಿಡಿದರು. ಹಳೇ ಡೇರಿಯ ಗುಜರಿಯಿಂದ ಮೂರು ಸ್ಟೀಲ್ ಟ್ಯಾಂಕು ತಂದು ಮಾವ ಪೈಪು ಜೋಡಿಸಿದ. ಅತ್ತೆ ಎರಡೇ ಬಗೆ ಮಾಡುತ್ತಿದ್ದಳು. ಒಂದಕ್ಕೆ ಕಪ್ಪು ಅಂತ ಹೆಸರು, ಇನ್ನೊಂದಕ್ಕೆ ತೆಳು. ಯಾರಾದರೂ ಮೂರನೆಯದು ಕೇಳಿದರೆ, "ನೀರಿದೆ, ಕೊಡ್ಲಾ?" ಅನ್ನುತ್ತಿದ್ದಳು. ಜನ ಬಂದರು. ಅದು ಎಲ್ಲ ಕಡೆ ಕ್ರಾಫ್ಟ್ ಬಿಯರಿನ, ಅಂದರೆ ಕೈಕಸುಬಿನ ಬಿಯರಿನ, ಹುಚ್ಚು ಏರುತ್ತಿದ್ದ ಕಾಲ. ಗಡ್ಡ ಬಿಟ್ಟು ರಬ್ಬರ್ ಬೂಟು ಹಾಕಿಕೊಂಡವರೆಲ್ಲ ಬಿಯರ್ ಕಾಯಿಸುವವರೇ.

ಅವರಲ್ಲಿ ಒಬ್ಬರು ಬಚ್ಚಲುಮನೆ ಟೈಲ್ಸ್ ಮಾರುತ್ತಿದ್ದವರು. ಭಾಷಣ ಚೆನ್ನಾಗಿ ಬರುತ್ತಿತ್ತು, ಬಿಯರ್ ಅಷ್ಟು ಬರುತ್ತಿರಲಿಲ್ಲ. ಸಹಜವಾಗಿಯೇ ಕೈಕಸುಬಿನ ಬಿಯರ್ ತಯಾರಕರ ಸಂಘ ಹುಟ್ಟಿದಾಗ ಅವರೇ ಅಧ್ಯಕ್ಷರಾದರು. ಅತ್ತೆಯ ಮಾತಿನ ಮೇಲೆ ನನಗೆ ಸಂಘದ ಕಚೇರಿಯಲ್ಲಿ ಟೈಪು ಮಾಡುವ ಕೆಲಸ ಸಿಕ್ಕಿತು. ಹೀಗಾಗಿ, ಸಣ್ಣವರು ಅಂದರೆ ಯಾರು ಎನ್ನುವುದನ್ನು ಮೊದಲ ಸಲ ಬರೆದದ್ದೂ ನನ್ನ ಬೆರಳು, ಆಮೇಲೆ ಅದನ್ನು ಕೆಡಿಸಿದ್ದೂ ನನ್ನ ಬೆರಳೇ.

ಮೊದಲ ನಿಯಮ ಮೂರು ಸಾಲಿನದು. ವರ್ಷಕ್ಕೆ ಹತ್ತು ಲಕ್ಷ ಲೀಟರಿನೊಳಗೆ ಮಾಡಬೇಕು. ದೊಡ್ಡ ಕಂಪನಿಯ ಕೈ ಇರಬಾರದು. ಬಾರ್ಲಿಯಿಂದ ಮಾಡಿರಬೇಕು. ಇಷ್ಟಕ್ಕೆ ಒಪ್ಪಿದವರಿಗೆ ಬಾಟಲಿಗೆ ಅಂಟಿಸಲು ಅಂಗೈ ಚಿತ್ರದ ಒಂದು ದುಂಡನೆಯ ಚೀಟಿ. ಅತ್ತೆ ಆ ಚೀಟಿಯನ್ನು ಒಂದೊಂದೇ ಬಾಟಲಿಗೆ ಸೊಟ್ಟಗಾಗದಂತೆ ತಾನೇ ಅಂಟಿಸುತ್ತಿದ್ದಳು. ಸೊಟ್ಟ ಅಂಟಿಸಿದರೆ ಮಾವನಿಗೂ ಬೈಗುಳ ತಪ್ಪುತ್ತಿರಲಿಲ್ಲ.

ಮೂರನೇ ವರ್ಷ ಅಧ್ಯಕ್ಷರ ಬಿಯರ್ ಕಾರ್ಖಾನೆ ಹತ್ತು ಲಕ್ಷ ದಾಟಿತು. ಕಾರ್ಖಾನೆ ಸಂಘ ಬಿಡಲಿಲ್ಲ. ಸಂಘವೇ ಹತ್ತು ಲಕ್ಷವನ್ನು ಬಿಟ್ಟಿತು. ಅರವತ್ತು ಲಕ್ಷ ಲೀಟರ್ ಮಾಡುವವರೂ ಸಣ್ಣವರೇ ಎಂದು ಟೈಪು ಮಾಡಿದೆ. ಆಮೇಲೆ ದೊಡ್ಡ ಕಂಪನಿಯೊಂದು ಆ ಕಾರ್ಖಾನೆಯಲ್ಲಿ ಪಾಲು ಕೊಂಡಿತು. ಸಭೆಯಲ್ಲಿ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಕೈ ಇರಬಾರದು ಎನ್ನುವುದನ್ನು ಪೂರ್ತಿ ಕೈ ಇರಬಾರದು ಎಂದು ತಿದ್ದೋಣ ಅಂದರು. ಹಿಂದಿನ ಸಾಲಿನಿಂದ ಅತ್ತೆಯ ದನಿ ಬಂತು.

"ಅಂದ್ರೆ ಮೊಣಕೈ ತನಕ ಇರಬಹುದಾ?"

ನಾಲ್ಕು ಜನ ನಕ್ಕರು. ನಕ್ಕವರೇ ಕೈ ಎತ್ತಿ ತಿದ್ದುಪಡಿ ಪಾಸು ಮಾಡಿದರು. ಅಧ್ಯಕ್ಷರ ಕಾರಿನಲ್ಲಿ ಮನೆಗೆ ಹೋಗುವವರು ಅವರಲ್ಲಿ ಮೂವರು.

ಏರಿದ ಹುಚ್ಚು ಇಳಿಯುವುದಕ್ಕೂ ಹೆಚ್ಚು ಕಾಲ ಬೇಕಾಗಲಿಲ್ಲ. ಅಂಗಡಿಯ ಕಪಾಟು ತುಂಬಿತ್ತು, ಕುಡಿಯುವವರು ತುಂಬಿರಲಿಲ್ಲ. ಹರೆಯದವರು ಕಡಿಮೆ ಕುಡಿಯತೊಡಗಿದರು, ಕುಡಿದರೂ ಬಣ್ಣದ ಡಬ್ಬಿಯ ಸಿಹಿ ಪಾನೀಯ. ಲಾಂಡ್ರಿಯ ಬೀದಿಯಲ್ಲೇ ಇದ್ದ ಇನ್ನೆರಡು ಬಿಯರ್ ಮನೆಗಳು ಬಾಗಿಲು ಹಾಕಿದವು. ಒಂದರಲ್ಲಿ ಈಗ ಜಿಮ್ ಇದೆ. ಅತ್ತೆ ಮೊದಲು ಒಂದು ಟ್ಯಾಂಕು ನಿಲ್ಲಿಸಿದಳು, ಎಂಟು ತಿಂಗಳ ಮೇಲೆ ಇನ್ನೊಂದು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಖಾಲಿ ಟ್ಯಾಂಕನ್ನೂ ಪ್ರತಿ ಸೋಮವಾರ ತೊಳೆಯುತ್ತಿದ್ದುದನ್ನು ನೋಡಿದೆ.

ನಮ್ಮ ಕಚೇರಿಯಲ್ಲಿ ಮಾತ್ರ ಯಾವುದೂ ಇಳಿಯಲಿಲ್ಲ. ವಾರ್ಷಿಕ ವರದಿಯಲ್ಲಿ ನಾನು 'ಬೆಳವಣಿಗೆ ಕುಂಠಿತ' ಎಂದು ಬರೆದಿದ್ದೆ. ಅಧ್ಯಕ್ಷರು ಅದನ್ನು ಹೊಡೆದು 'ಸ್ಥಿರತೆ' ಅಂದರು, ಚಹಾ ಕುಡಿದು ಬಂದು ಅದನ್ನೂ ಹೊಡೆದು 'ಪಕ್ವತೆ' ಅಂದರು. ಸಾಲದ್ದಕ್ಕೆ, ತಮ್ಮ ಕಾರ್ಖಾನೆಯ ಹಣ್ಣಿನ ವಾಸನೆಯ ಡಬ್ಬಿಗಳನ್ನೂ ಕ್ರಾಫ್ಟ್ ಬಿಯರ್ ಲೆಕ್ಕಕ್ಕೆ ಸೇರಿಸಿದರೆ ವರದಿಯ ನಕ್ಷೆಯ ಗೆರೆ ಮತ್ತೆ ಮೇಲಕ್ಕೆ ಹೋಗುತ್ತದೆ ಎಂದು ಕಂಡುಹಿಡಿದರು. ಅಡ್ಡ ಬರುತ್ತಿದ್ದದ್ದು ಬಾರ್ಲಿಯ ಸಾಲು.

ಆ ಸಭೆಗೆ ಅತ್ತೆ ಕೆಲಸದ ಏಪ್ರನ್ನಿನಲ್ಲೇ ಬಂದಳು. ಮೇಜಿನ ಮೇಲಿದ್ದ ಡಬ್ಬಿ ತೆಗೆದು ಮೂಸಿದಳು.

"ಇದರಲ್ಲಿ ಬಾರ್ಲಿ ಎಲ್ಲಿ?"

"ಅಮ್ಮಾ, ಬಾರ್ಲಿ ಅಂತ ಹಿಡ್ಕೊಂಡು ಕೂತ್ರೆ ಆಗಲ್ಲ" ಅಂದರು ಅಧ್ಯಕ್ಷರು, ಮಕ್ಕಳಿಗೆ ಹೇಳುವ ಹಾಗೆ. "ಕ್ರಾಫ್ಟ್ ಅನ್ನೋದು ಒಂದು ಭಾವನೆ."

"ಹೌದಾ? ಭಾವನೆ ಕುದಿಯೋಕೆ ಎಷ್ಟು ಹೊತ್ತು ಬೇಕು? ಉಕ್ಕಿದ್ರೆ ಯಾರು ಒರೆಸ್ತೀರಾ?"

ಕೈಗಳು ಎದ್ದವು. ಬಾರ್ಲಿಯ ಸಾಲು ಹೋಯಿತು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಮುಂದಿನ ತಿಂಗಳು ಹೊಸದೊಂದು ಸಾಲು ಬಂತು: ವರ್ಷಕ್ಕೆ ಮೂವತ್ತು ಸಾವಿರ ಲೀಟರಿಗಿಂತ ಕಡಿಮೆ ಮಾಡುವವರು 'ಸಕ್ರಿಯ ಸಣ್ಣ ತಯಾರಕ'ರಲ್ಲ, ಚೀಟಿ ಬಳಸುವಂತಿಲ್ಲ. ಆ ಅಳತೆಗೆ ಇಡೀ ಸಂಘದಲ್ಲಿ ಹೊರಗೆ ಬೀಳುವವಳು ಒಬ್ಬಳೇ. ಅರವತ್ತು ಲಕ್ಷ ಲೀಟರಿನವರು ಸಣ್ಣವರು, ಹನ್ನೆರಡು ಸಾವಿರದವಳು ಸಣ್ಣವಳಲ್ಲ. ಅವಳಿಗೆ ಅದನ್ನು ತಿಳಿಸುವ ಕಾಗದವನ್ನೂ ನಾನೇ ಟೈಪು ಮಾಡಿದೆ. ಆಗುವುದಿಲ್ಲ ಎಂದು ಏಳಬಹುದಿತ್ತು. ಏಳಲಿಲ್ಲ. 'ವಿಷಾದಿಸುತ್ತೇವೆ' ಎಂಬಲ್ಲಿ ಒತ್ತು ತಪ್ಪಿತ್ತು, ಅದನ್ನು ತಿದ್ದಿದೆ.

ಅಂಚೆಗೆ ಹಾಕಲು ಮನಸ್ಸಾಗದೆ ಕೈಯಲ್ಲೇ ಕೊಂಡುಹೋದೆ. ಅತ್ತೆ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಎರಡು ಸಲ ಓದಿದಳು.

"ನೀನೇ ಬರೆದದ್ದಾ?"

"ಅವರು ಹೇಳಿದ್ರು ಅತ್ತೆ, ನಾನು ಬರೀ ಟೈಪು..."

"ತಪ್ಪಿಲ್ದೆ ಬರೆದಿದೀಯ. ಒಂದು ಅಕ್ಷರನೂ ನಡುಗಿಲ್ಲ." ಕಾಗದ ಮಡಚಿ ಏಪ್ರನ್ನಿನ ಜೇಬಿಗಿಟ್ಟಳು. "ಒಳಗೆ ನಾನೂರು ಬಾಟಲಿ ಇದೆ. ಚೀಟಿ ಕಿತ್ತು ಹೋಗು."

ಬಿಸಿನೀರಿನ ತೊಟ್ಟಿಯ ಮುಂದೆ ಕೂತು ನಾನೂರು ಅಂಗೈಗಳನ್ನು ಉಗುರಿನಿಂದ ಕೆರೆದು ತೆಗೆದೆ. ಮಾವ ಬಂದು ನಾಲ್ಕೈದು ಬಾಟಲಿಗೆ ಕೈ ಹಾಕಿದ. "ಅವಳ ಪಾಲಿನದು, ಅವಳು ಮಾಡ್ಲಿ" ಎಂದು ಅತ್ತೆ ಒಳಗಿನಿಂದಲೇ ಕೂಗಿದಳು. ಸಂಜೆ ಊಟ ಹಾಕಿದಳು.

ನಾನು ಅಷ್ಟಾದರೂ ಕೆಲಸ ಬಿಡಲಿಲ್ಲ. ಇನ್ನೂ ಒಂದು ವರ್ಷ ಎರಡು ತಿಂಗಳು ಅದೇ ಕುರ್ಚಿ ಬಿಸಿ ಮಾಡಿದೆ. ಆ ಕುರ್ಚಿಯನ್ನು ಮೊದಲು ಅಲುಗಿಸಿದ್ದು ನನ್ನ ಧೈರ್ಯವಲ್ಲ, ಅಧ್ಯಕ್ಷರ ಗತಿ. ದೊಡ್ಡ ಕಂಪನಿ ಉಳಿದ ಪಾಲನ್ನೂ ಕೊಂಡು, ಕಾರ್ಖಾನೆ ಮುಚ್ಚಿ, ಹೆಸರನ್ನು ಮಾತ್ರ ಇಟ್ಟುಕೊಂಡಿತು. ಆ ಬಿಯರನ್ನು ಈಗ ಅವರ ದೊಡ್ಡ ಕಾರ್ಖಾನೆಯಲ್ಲಿ, ಹತ್ತಾರು ಬೇರೆ ಬಿಯರುಗಳ ಜೊತೆ ಮಾಡುತ್ತಾರೆ. ಅಧ್ಯಕ್ಷರು ಟೈಲ್ಸಿಗೆ ವಾಪಸಾದರು. ಬೀಳ್ಕೊಡುಗೆಯಲ್ಲಿ ಕಣ್ಣೀರು ಹಾಕಿದರು. ಅದನ್ನೂ ನಡಾವಳಿಯಲ್ಲಿ ಬರೆಯಲು ಹೇಳಿದರು. ನಾನು ಬರೆಯಲಿಲ್ಲ. ಏಳು ವರ್ಷದಲ್ಲಿ ನಾನು ತೋರಿಸಿದ ಕೆಚ್ಚು ಅಷ್ಟೇ.

ಹೊಸ ಅಧ್ಯಕ್ಷ ಬಂದ, ಜಾಹೀರಾತಿನ ಕಡೆಯವನು. ಸದಸ್ಯರು ಅರ್ಧಕ್ಕಿಳಿದಿದ್ದರು. ವಾರ್ಷಿಕ ಪುಸ್ತಕಕ್ಕೆ ಕೈಯಿಂದ ಕೆಲಸ ಮಾಡುವ ಒಂದು ಫೋಟೊ ಬೇಕಿತ್ತು, ಇರುವ ಸದಸ್ಯರ ಹತ್ತಿರ ಕೈಯಿಂದ ಮಾಡುವ ಕೆಲಸವೇ ಇರಲಿಲ್ಲ. ಫೋಟೊದವನನ್ನು ಕರೆದುಕೊಂಡು ಲಾಂಡ್ರಿಗೆ ಬಂದ. ದಾರಿ ತೋರಿಸಲು ನನ್ನನ್ನೂ ಕರೆತಂದಿದ್ದ.

"ಮೇಡಂ, ನಿಮಗೆ ಗೌರವ ಸದಸ್ಯತ್ವ ಕೊಡ್ತೀವಿ" ಅಂದ. "ನಿಮ್ಮಂಥವರೇ ನಮ್ಮ ಆತ್ಮ."

ಅತ್ತೆ ಅವನನ್ನು ಬೂಟಿನಿಂದ ತಲೆಯ ತನಕ ನೋಡಿದಳು. ಆಮೇಲೆ ಉದ್ದ ಹಿಡಿಯ ಬ್ರಷ್ಷನ್ನು ಅವನ ಕೈಗೆ ಕೊಟ್ಟಳು. ಅವನು ಹಿಗ್ಗಿ, ತೆರೆದ ಟ್ಯಾಂಕಿನ ಬಾಯಿಗೆ ಬ್ರಷ್ಷು ಆನಿಸಿ, ಕ್ಯಾಮೆರಾದ ಕಡೆ ತಿರುಗಿ ಹಲ್ಲು ಬಿಟ್ಟ.

"ತಿಕ್ಕು" ಅಂದಳು ಅತ್ತೆ.

"ಮೇಡಂ?"

"ಅಡಿಯಲ್ಲಿ ಮಡ್ಡಿ ಕೂತಿದೆ. ಫೋಟೊ ತೆಗೆಯೋರು ತೆಗೀಲಿ, ನೀನು ತಿಕ್ಕು."

ಎರಡು ಸಲ ತಿಕ್ಕಿದ. ಮಡ್ಡಿ ತೋಳಿಗೆ ಸಿಡಿಯಿತು. ಇನ್ನೊಂದು ಕಡೆ ಹೋಗಬೇಕು, ಹೊತ್ತಾಯಿತು ಎಂದು ಬ್ರಷ್ಷನ್ನು ಗೋಡೆಗೆ ಒರಗಿಸಿ ಹೊರಟ. ಬಾಗಿಲಲ್ಲಿ ನನ್ನ ಕಡೆ ತಿರುಗಿ, "ಬರ್ತೀರಲ್ಲ?" ಅಂದ.

ನಾನು ಹೋಗಲಿಲ್ಲ. ಬ್ರಷ್ಷು ತೆಗೆದುಕೊಂಡೆ. ಅತ್ತೆ ಹೊಗಳುತ್ತಾಳೆಂದು ಒಂದು ಗಳಿಗೆ ಕಾದದ್ದೂ ನಿಜ.

"ಹಿಡಿಯೋದು ಹಾಗಲ್ಲ" ಅಂದಳು.

ಈಗ ನಾನು ಒಂದು ಶಾಲೆಯ ಕಚೇರಿಯಲ್ಲಿದ್ದೇನೆ, ಶನಿವಾರ ಲಾಂಡ್ರಿಗೆ ಹೋಗುತ್ತೇನೆ. ಅತ್ತೆಯ ವ್ಯಾಪಾರ ಚಿಗುರಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ವಾರಕ್ಕೆ ಎರಡು ದಿನ ಬಾಗಿಲು ತೆರೆಯುತ್ತಾಳೆ, ಹತ್ತು ಹದಿನೈದು ಜನ ಬಂದು ಕಪ್ಪೋ ತೆಳುವೋ ಕುಡಿದು ಹೋಗುತ್ತಾರೆ. ಉಳಿದ ಐದು ದಿನ ಗಂಡನ ಜೊತೆ ಪೈಪು ರಿಪೇರಿಗೆ ಹೋಗುತ್ತಾಳೆ. ಅವನು ಬಿಗಿದ ನಟ್ಟನ್ನು ಅವಳು ಇನ್ನೊಮ್ಮೆ ಬಿಗಿಯುತ್ತಾಳೆ, ಅದಕ್ಕೆ ಇಬ್ಬರಿಗೂ ಜಗಳ.

ಸಂಘದ ವಾರ್ಷಿಕ ಪುಸ್ತಕ ಬಂದಾಗ ಮಾವ ಎಲ್ಲಿಂದಲೋ ಒಂದು ಪ್ರತಿ ತಂದ. ಫೋಟೊ ಕೊನೆಗೆ ಬೇರೆಲ್ಲೋ ತೆಗೆದಿದ್ದರು. ಬಾಡಿಗೆಯ ಕೋಣೆ, ಹೊಳೆಯುವ ಟ್ಯಾಂಕು, ಇಸ್ತ್ರಿ ಮಾಡಿದ ಏಪ್ರನ್ನಿನ ಚೆಲುವೆ. ಅತ್ತೆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ನೆಲದಲ್ಲಿ ಒಂದು ಮೋರಿನೇ ಇಲ್ವಲ್ಲೋ" ಅಂದಳು ಮಾವನಿಗೆ. "ತೊಳೆದ ನೀರು ಎಲ್ಲಿಗೆ ಹೋಗುತ್ತೆ?"

ಮಾವನೂ ಕನ್ನಡಕ ಹಾಕಿಕೊಂಡು ಹುಡುಕಿದ. ಸಿಗಲಿಲ್ಲ.