ಘತ್ತರಗಿಯ ದಂಡೆಯಲ್ಲಿ ಬಿಚ್ಚಿಕೊಂಡ ತಂತಿ

ನಂಬುವವರು ನಂಬಲಿ, ಬಿಡುವವರು ಬಿಡಲಿ. ಇದು ಯಾರೋ ಹೇಳಿದ ಕಥೆಯಲ್ಲ, ನನ್ನ ಅಂಗೈಯಲ್ಲೇ ನಡೆದದ್ದು. ನೆನೆದರೆ ಈಗಲೂ ಹೆದರಿಕೆಗಿಂತ ಮೊದಲು ಸಿಟ್ಟು ಬರುತ್ತದೆ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ. ನಮ್ಮ ಕಡೆ ಇನ್ನೂ ನಿಜಾಮರ ಆಡಳಿತ. ನಾನು ಕಲಬುರ್ಗಿಯಲ್ಲಿ ಕರೆಂಟಿನ ಕೆಲಸ ಮಾಡುತ್ತಿದ್ದೆ. ಭೀಮಾ ನದಿ ಅಳೆಯಲು ಬಂದ ಸಾಹೇಬನೊಬ್ಬ ಘತ್ತರಗಿಯ ದಂಡೆಯಲ್ಲಿ ಬೀಡುಬಿಟ್ಟಿದ್ದ. ಡೇರೆಯಲ್ಲ, ಚಕ್ರದ ಮೇಲೆ ಕೂಡಿಸಿದ ತಗಡಿನ ಮನೆ, ಹತ್ತಲು ಕಬ್ಬಿಣದ ಮೆಟ್ಟಿಲು. ಅದರೊಳಗೆ ದೀಪ ಬೇಕು, ಫ್ಯಾನು ಬೇಕು. ಕರೆಂಟು ಕೊಡುವ ಮಷೀನು ಮಾತ್ರ ದೂರ ಹುಣಸೆಮರದಡಿ ಇರಬೇಕು, ಅದರ ಸದ್ದಿಗೆ ಸಾಹೇಬನ ನಿದ್ದೆ ಕೆಡುತ್ತದಂತೆ. ಅಲ್ಲಿಂದ ಗಾಡಿಯವರೆಗೆ ಉದ್ದನೆಯ ತಂತಿ ಮಾಡಿಕೊಡುವುದು ನನ್ನ ಕೆಲಸ.

ಎರಡು ತುಂಡು ಜೋಡಿಸಿ, ನಡುವೆ ಗಂಟು ಹಾಕಿ, ಟೇಪು ಸುತ್ತಿದೆ. ಇನ್ನೊಂದು ತಂತಿ ಬೇಕಿತ್ತು, ತಗಡಿನಿಂದ ನೆಲಕ್ಕೆ. ಒಳಗೆಲ್ಲಾದರೂ ಕರೆಂಟು ತಗಡಿಗೆ ತಗುಲಿದರೆ, ಮುಟ್ಟಿದವರ ಜೀವ ಕಾಯುವುದೇ ಅದು.

“ಸಾಹೇಬ್ರ, ನೆಲದ ತಂತಿ ಇಲ್ಲದ ಹಚ್ಚಬಾರದ್ರಿ. ನಾಳಿಗಿ ಕಲಬುರ್ಗಿಯಿಂದ ತರ್ತೇನಿ.”

“ಎರಡು ತಂತಿಗಿ ದೀಪ ಹತ್ತುದಿಲ್ಲೇನು ಮಿಸ್ತ್ರಿ? ನಖರಾ ಬ್ಯಾಡ. ಇವತ್ತ ಹಚ್ಚು.”

ಮೈಯೆಲ್ಲ ಉರಿದುಹೋಯಿತು. ಆದರೂ ಹೇಳಿದಂತೆ ಹಚ್ಚಿದೆ.

ನಡುರಾತ್ರಿ ದೀಪ ಆರಿತು... ಮಷೀನು ದಡದಡ ಓಡುತ್ತಲೇ ಇತ್ತು. ಸಾಹೇಬ ಒಳಗಿನಿಂದ ಬೈಯುತ್ತಿದ್ದ. ಲಾಟೀನು ಹಿಡಿದು ತಂತಿಯ ಗುಂಟ ಹೋದೆ. ನಡುವಿನ ಗಂಟು ಬಿಚ್ಚಿತ್ತು. ಹರಿದಿರಲಿಲ್ಲ. ಟೇಪನ್ನು ಯಾರೋ ಸುತ್ತಿ ಕಲ್ಲಿನ ಮೇಲೆ ಇಟ್ಟಿದ್ದರು.

ಮಷೀನು ನೋಡಿಕೊಳ್ಳುವ ಮೌಲಾ ಎಂಬುವನ ಮೇಲೆ ಅನುಮಾನ ಬಂತು. ಅವನು ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿ ಕೇಳಿದೆ.

“ಮುಟ್ಟಿಲ್ಲೋ ಮಾರಾಯಾ. ಓಡೋ ಕರೆಂಟಿಗಿ ಕೈ ಹಚ್ಚಾಕ ನನಗೇನ್ ಹುಚ್ಚೇನು?”

ಮಷೀನು ನಿಲ್ಲಿಸಿ, ಮತ್ತೆ ಗಂಟು ಹಾಕಿದೆ. ಅರ್ಧ ತಾಸಿಗೆ ಮತ್ತೆ ಕತ್ತಲೆ. ಮತ್ತೆ ಗಂಟು ಬಿಚ್ಚಿತ್ತು. ಟೇಪು ಅದೇ ಕಲ್ಲಿನ ಮೇಲೆ.

ಈ ಸಲ ತಲೆ ಕೆಟ್ಟಿತು. ಮಷೀನು ನಿಲ್ಲಿಸಿ ಗಂಟು ಹಾಕಿ, ಟೇಪು ಬಿಗಿದು, ಮತ್ತೆ ಓಡಿಸಿ, ಗಂಟಿನ ಹತ್ತಿರವೇ ಕುಕ್ಕರಗಾಲಲ್ಲಿ ಕುಳಿತು ಮುಷ್ಟಿಯಲ್ಲಿ ಹಿಡಿದುಕೊಂಡೆ. “ಬಾ ಮಗನ, ಈಗ ಬಿಚ್ಚು ನೋಡತೇನಿ” ಎಂದೆ ಕತ್ತಲೆಗೆ.

ಎಷ್ಟು ಹೊತ್ತಾಯಿತೋ... ಹಸಿ ಬಟ್ಟೆಯ ವಾಸನೆ ಬಂತು, ಅದರ ಜೊತೆ ಅರಿಶಿನದ್ದು. ಹತ್ತಿರ ಯಾರೂ ಇರಲಿಲ್ಲ. ಮುಷ್ಟಿಯೊಳಗೆ ಏನೋ ಹರಿದಾಡಿತು. ಟೇಪು ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತಿತ್ತು... ನನ್ನ ಬೆರಳುಗಳ ಸಂದಿಯಿಂದ, ಅವಸರವೇ ಇಲ್ಲದೆ. ದೀಪ ಆರಿತು. ಬರಿಯ ತಾಮ್ರ ನನ್ನ ಅಂಗೈ ಮೇಲೆ. ಮಷೀನು ಓಡುತ್ತಿದೆ. ಆ ಕರೆಂಟಿಗೆ ನಾನು ಸಾಯಬೇಕಿತ್ತು. ಒಂದು ಜುಮ್ ಕೂಡ ಅನ್ನಲಿಲ್ಲ.

ಕೈ ಬಿಟ್ಟು ಏಳುವಷ್ಟರಲ್ಲಿ ಗಾಡಿಯ ಕಡೆಯಿಂದ ಬಳೆ ಸದ್ದು ಕೇಳಿತು. ಹರಕೆ ಹೊತ್ತ ಮುದುಕಿಯೊಬ್ಬಳು ನಸುಕಿನಲ್ಲೇ ಹೊಳೆಯಲ್ಲಿ ಮಿಂದು, ಒದ್ದೆ ಸೀರೆಯಲ್ಲಿ ಭಾಗ್ಯವಂತಿ ದೇವಿಯ ಗುಡಿಗೆ ದೀಡ ನಮಸ್ಕಾರ ಹಾಕುತ್ತ ಬರುತ್ತಿದ್ದಳು. ಉದ್ದಕ್ಕೆ ಮಲಗುವುದು, ಕೈ ಮುಟ್ಟಿದಲ್ಲಿ ಗೆರೆ ಎಳೆದು ಏಳುವುದು, ಗೆರೆಯಿಂದ ಮತ್ತೆ ಮಲಗುವುದು. ನೋಡುತ್ತಿದ್ದಂತೆ ಅವಳ ಎರಡೂ ಕೈ ಕಬ್ಬಿಣದ ಮೆಟ್ಟಿಲಿಗೆ ತಾಗಿದವು. ಮೆಟ್ಟಿಲು ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಂಡಳು.

“ಅವ್ವಾ, ಅದನ್ಯಾಕ ಮುಟ್ಟಿದಿ?”

“ಹೊಳಿಯಿಂದ ದೀಪ ಕಾಣ್ತಿತ್ತು ತಮ್ಮಾ. ಯಾವ ದೀಪ ಆದರೇನು, ಕೈ ಮುಗದ ಹೋಗಬೇಕಲ್ಲಾ.”

ಅವಳು ಗೆರೆ ಎಳೆದು ಮುಂದೆ ಹೋದಳು. ಆ ತಗಡಿಗೆ ಕರೆಂಟು ತಗುಲಿದೆಯೇನೋ ಎಂಬ ಅನುಮಾನ ಆಗ ಬಂತು. ಮಷೀನು ನಿಲ್ಲಿಸಿ ಕೊನೆಯ ಸಲ ಗಂಟು ಹಾಕಿ, ಮತ್ತೆ ಓಡಿಸಿ, ಒಂದು ಬಲ್ಬಿಗೆ ಕಟ್ಟಿದ ಎರಡು ತಂತಿಯ ತುದಿ ಹಿಡಿದೆ: ಒಂದು ಮೆಟ್ಟಿಲಿಗೆ, ಇನ್ನೊಂದು ಹಸಿ ನೆಲಕ್ಕೆ. ಬಲ್ಬು ಝಗ್ಗನೆ ಹತ್ತಿತು. ಕಿಟಕಿಯ ತಗಡಿಗೆ ಸಿಕ್ಕಿ ತಂತಿಯ ಮೇಲಿನ ರಬ್ಬರು ಕೊಯ್ದುಹೋಗಿತ್ತು. ಇಡೀ ಗಾಡಿ ಕರೆಂಟು ಹಿಡಿದು ನಿಂತಿತ್ತು. ರಬ್ಬರಿನ ಚಪ್ಪಲಿ ಹಾಕಿಕೊಂಡು ಹತ್ತಿಳಿಯುವ ಸಾಹೇಬನಿಗೆ ಏನೂ ಗೊತ್ತಾಗಿರಲಿಲ್ಲ.

ಮಷೀನು ನಿಲ್ಲಿಸಿ ಅವನನ್ನು ಎಬ್ಬಿಸಿ ಹೇಳಿದೆ. ಆಕಳಿಸುತ್ತ, “ಯಾರೂ ಸತ್ತಿಲ್ಲಲ್ಲಾ?” ಅಂದ.

ಒಳನುಗ್ಗಿ, ಅವನ ಸೊಳ್ಳೆಪರದೆ ಕಟ್ಟಿದ್ದ ತಾಮ್ರದ ತಂತಿಯನ್ನು ಕಿತ್ತುಕೊಂಡೆ. ಪರದೆ ಅವನ ಮೈಮೇಲೆ ಬಿತ್ತು. ಅವನು ಬೈಯುತ್ತಲೇ ಇದ್ದ. ನಾನು ಗೂಟ ಬಡಿದು, ತಗಡಿನಿಂದ ನೆಲಕ್ಕೆ ತಂತಿ ಕಟ್ಟಿದೆ. ಕೊಯ್ದ ಜಾಗಕ್ಕೆ ಟೇಪು ಸುತ್ತಿದೆ.

ಮರುದಿನ ರಾತ್ರಿಯಿಡೀ ಗಂಟಿನ ಪಕ್ಕದಲ್ಲೇ ಕುಳಿತೆ. ಬೆಳಗಿನವರೆಗೆ ಯಾರೂ ಮುಟ್ಟಲಿಲ್ಲ.

ಗಂಟು ಬಿಚ್ಚಿದ್ದು ಭಾಗ್ಯವಂತಿ ಅವ್ವನೇ ಅಂದರು ಊರವರು. ನನಗೆ ಗೊತ್ತಿಲ್ಲ. ಆ ಸಾಹೇಬನ ಮೇಲೆ ಸಿಟ್ಟು ಇಂದಿಗೂ ಇದೆ, ಆದರೆ ರಾತ್ರಿ ಎಚ್ಚರವಾದಾಗ ಅದು ಅವನ ಹತ್ತಿರ ನಿಲ್ಲುವುದಿಲ್ಲ. ಬಿಚ್ಚಿದವರು ಯಾರೇ ಇರಲಿ, ನೆಲದ ತಂತಿ ಇಲ್ಲದೆ ಹಚ್ಚಬಾರದೆಂದು ಅವರಿಗೆ ಗೊತ್ತಿದ್ದಂತೆ ನನಗೂ ಗೊತ್ತಿತ್ತು. ಆದರೂ ಮತ್ತೆ ಮತ್ತೆ ಗಂಟು ಹಾಕಿದವನು ನಾನೇ.