ಕುರ್ಲಾ ಬರುವವರೆಗೆ ಇಳಿಯದ ತುಂಗಕ್ಕ

ನಲ್ಲಿಯಲ್ಲಿ ನೀರು ಬಂತೆಂದು ಚಾಳಿನ ಹೆಂಗಸರೆಲ್ಲ ಕೊಡ ಎತ್ತಿಕೊಂಡು ಓಡುವಾಗ ತುಂಗಕ್ಕ ಮಾತ್ರ ಮಗುಚಿಟ್ಟ ಬಕೆಟ್ಟಿನ ಮೇಲೆ ಕುಳಿತೇ ಇರುತ್ತಿದ್ದರು. ಕರೆದರೆ, “ಇನ್ನಾ ಕುರ್ಲಾ ಟೇಶನ್ ಬಂದಿಲ್ರಿ. ನಡುವ ಹ್ಯಾಂಗ ಇಳೀಲಿ?” ಎನ್ನುವರು. ಅವರ ಮುಂದೆ ಒಂದು ಮಣೆ, ಒಂದು ಮೊರ, ಎಲ್ಲಕ್ಕಿಂತ ಮುಂದೆ ನಮ್ಮ ಮನೆಯ ಸ್ಟೂಲು. ಅದರ ಮೇಲೆ ನನ್ನ ಎರಡೂವರೆ ವರ್ಷದ ಸುಮಾ ಕುಳಿತು ಬಾಯಲ್ಲೇ ರೈಲಿನ ಎಂಜಿನ್ ಓಡಿಸುತ್ತಿದ್ದಳು. ಅವಳು “ಕುಲ್ಲಾ” ಎಂದು ಕೂಗಿದ ಮೇಲೆಯೇ ಐವತ್ತರ ಹತ್ತಿರದ ಆ ಹೆಂಗಸು ಸೆರಗು ಸರಿಮಾಡಿಕೊಂಡು ಇಳಿಯುವುದು. ಅಷ್ಟರಲ್ಲಿ ನಲ್ಲಿಯ ಸಾಲು ಮೆಟ್ಟಿಲವರೆಗೆ ಬೆಳೆದಿರುತ್ತಿತ್ತು.

ಘಾಟ್ಕೋಪರಿನ ಆ ಚಾಳಿನಲ್ಲಿ ಅವರದು ನಮ್ಮ ಪಕ್ಕದ ಖೋಲಿ. ಅವರು ವಿಜಾಪುರದ ಕಡೆಯವರು, ಗಂಡ ಗೋದಾಮಿನಲ್ಲಿ ಕಾವಲುಗಾರ. ನಾನು ಉಡುಪಿಯಿಂದ ಮದುವೆಯಾಗಿ ಬಂದವಳು; ಮಗುವಿನ ಜೊತೆ ಏನು ಆಡಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ. ಸುಮಾ ತೆಂಗಿನ ಚಿಪ್ಪಿನಲ್ಲಿ ಬರೀ ಗಾಳಿ ಬಡಿಸಿದರೆ ನಾನು “ಆಯ್ತು, ಆಯ್ತು” ಎಂದು ಪಾತ್ರೆ ತಿಕ್ಕಲು ಹೋಗುವೆ. ತುಂಗಕ್ಕ ಅದನ್ನು ನಿಧಾನವಾಗಿ ಅಗಿದು, ನುಂಗಿ, “ಉಪ್ಪು ಚೂರು ಕಮ್ಮಿ ಆಗೇದ ನೋಡವಾ” ಎನ್ನುವರು. ಸುಮಾ ಗಂಭೀರವಾಗಿ ಉಪ್ಪು ತರಲು ಓಡುವಳು.

ಒಂದು ಮಧ್ಯಾಹ್ನ ಸುಮಾಳ ತಲೆ ಬಾಚುತ್ತ ಅವರು ನನಗೊಂದು ಮಾತು ಹೇಳಿದರು. ಅವರಿಗೂ ಒಬ್ಬಳು ಮಗಳಿದ್ದಳಂತೆ. ಮೂರು ವರ್ಷಕ್ಕೆ ಜ್ವರ ಬಂದು ತೀರಿಕೊಂಡಳಂತೆ. ಚಾಳಿನಲ್ಲಿ ಬೇರಾರಿಗೂ ಅದು ಗೊತ್ತಿರಲಿಲ್ಲ.

ಮಳೆಗಾಲ ಮುಗಿದ ಹೊಸತರಲ್ಲಿ ಆ ದಿನ ಬಂತು. ರೈಲು ಓಡುತ್ತಿತ್ತು. ಅನ್ನ ಆರುತ್ತದೆಂದು ನಾನು ಒಳಗಿನಿಂದ ಸುಮಾಳನ್ನು ಕರೆದೆ, ಎರಡನೆಯ ಸಲ ಗದರಿಸಿ ಕರೆದೆ. ಅವಳು ಬೆದರಿ ಸ್ಟೂಲಿನಿಂದ ಹಾರಿದಳು. ಹೊಸ್ತಿಲಿಗೆ ಗದ್ದ ಬಡಿದು ಒಡೆಯಿತು. ನಾನು ಓಡಿ ಬರುವಷ್ಟರಲ್ಲಿ ತುಂಗಕ್ಕ ಮಗುವನ್ನು ಎತ್ತಿಕೊಂಡು ಸೆರಗು ಒತ್ತಿ ಹಿಡಿದಿದ್ದರು. ಬಾಗಿಲು ಬಾಗಿಲಿನಿಂದ ಜನ ಬಂದರು. ಏನಾಯ್ತೆಂದು ಯಾರೋ ಕೇಳಿದರು. ನಾನು ಮಗುವನ್ನು ಕಸಿದುಕೊಂಡು ಅಷ್ಟು ಜನರ ಮುಂದೆ ಅಂದೆ: “ನಿಮ್ಮ ಮಗುವನ್ನೇ ಉಳಿಸಿಕೊಳ್ಳಲಿಕ್ಕೆ ಆಗ್ಲಿಲ್ಲ ನಿಮಗೆ. ನನ್ನದನ್ನಾದ್ರೂ ಬಿಡಿ.”

ಸಿಟ್ಟಿನಲ್ಲಿ ಬಾಯಿ ಜಾರಿತೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಗದರಿಸಿ ಕರೆದವಳು ನಾನೆಂದು ಯಾರಿಗೂ ತಿಳಿಯಬಾರದೆಂದೇ ಹಾಗೆ ಅಂದದ್ದು.

ಕರೆದವರು ಯಾರೆಂದು ತುಂಗಕ್ಕ ಹೇಳಲಿಲ್ಲ. “ಮೊದಲ ದವಾಖಾನಿಗೆ ಹೋಗ್ರಿ,” ಎಂದರು, ಅಷ್ಟೆ.

ಎರಡು ಹೊಲಿಗೆ ಬಿತ್ತು. ಮರುದಿನದಿಂದ ಮಧ್ಯಾಹ್ನ ಅವರ ಬಾಗಿಲು ಮುಚ್ಚಿರತೊಡಗಿತು. ಸುಮಾ ಹೋಗಿ ಅಂಗೈಯಿಂದ ಬಡಿಯುವಳು. ಒಳಗಿನಿಂದ, “ನಾ ಮಲ್ಕೊಂಡೀನವಾ, ನಿಮ್ಮವ್ವನ ಹತ್ರ ಆಡು,” ಎಂಬ ದನಿ ಬರುತ್ತಿತ್ತು. ಮಲಗಿದವರ ದನಿಯಲ್ಲ ಅದು. ಬಾಗಿಲಿಗೆ ಅಷ್ಟು ಹತ್ತಿರವಿತ್ತು. ಚಾಳಿನವರು ಅವರ ಹತ್ತಿರ ಮಕ್ಕಳನ್ನು ಬಿಡುವುದನ್ನು ನಿಲ್ಲಿಸಿದರು. ಒಂದು ಮಾತಿನಲ್ಲಿ ನಾನು ಸರಿಪಡಿಸಬಹುದಿತ್ತು. ಸರಿಪಡಿಸಲಿಲ್ಲ.

ಸಂಕ್ರಾಂತಿ ಕಳೆದು ಅವರ ಗಂಡನಿಗೆ ಸೊಲ್ಲಾಪುರಕ್ಕೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಕೆಳಗೆ ಟಾಂಗಾ ನಿಂತಿತ್ತು. ತಪ್ಪು ನನ್ನದೆಂದು ಈವತ್ತು ಹೇಳಿಯೇ ಬಿಡುವುದೆಂದು ಇಳಿದು ಹೋದೆ. ಅವರೇ ಮೊದಲು ಕೇಳಿದರು, “ಗದ್ದದ ಗಾಯ ಮಾಯ್ತೇನ್ರಿ?”

ಮಾಯಿತೆಂದೆ. ಅವರ ಗಂಟೊಂದನ್ನು ಎತ್ತಿ ಟಾಂಗಾದೊಳಗೆ ಇಟ್ಟೆ. ಟಾಂಗಾದವನು ಅವಸರ ಮಾಡಿದ. ಹೇಳಬೇಕೆಂದಿದ್ದುದನ್ನು ಬಿಟ್ಟು, “ಮುಟ್ಟಿದ ಮೇಲೆ ಕಾಗದ ಬರೀರಿ,” ಎಂದುಬಿಟ್ಟೆ.

ಅವರಿಗೆ ಓದುಬರಹ ಬಾರದೆಂದು ನನಗೆ ಗೊತ್ತಿತ್ತು. ಅವರ ಊರಿನಿಂದ ಬಂದ ಕಾಗದಗಳನ್ನು ಓದಿ ಹೇಳುತ್ತಿದ್ದವಳು ನಾನೇ.

“ಹೂಂ ರಿ,” ಎಂದರು ತುಂಗಕ್ಕ, ನನ್ನ ಮುಖ ನೋಡದೆ. “ಯಾರ ಕಡೀಂದರ ಬರಸ್ತೀನಿ.”