ಬುಟ್ಟಿ ಬೊಗಳಿದ ದಿನ

ಎನ್.ಆರ್. ಕಾಲೋನಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ಎಂಥ ಕೆಲಸಕ್ಕೂ ಮೊದಲು ಸೆರಗು ಸಿಕ್ಕಿಸಿಕೊಂಡು, "ಏನೂ ಆಗಲ್ಲ ಬನ್ನಿ" ಅನ್ನುತ್ತಿದ್ದರು. ಮನೆಗೆ ಗೆದ್ದಲಿನ ಔಷಧಿ ಹೊಡೆಸಿದ ದಿನವೂ ಹಾಗೇ ಅಂದರು. ಅಂದು ರಾತ್ರಿ ಹೊರಗೆ ಉಳಿಯಬೇಕಿತ್ತು, ಆದರೆ ತಮ್ಮ ಮುದಿ ನಾಯಿಯನ್ನು ಬಿಟ್ಟಿರಲಾರರು. ನನ್ನ ಆಸ್ತಮಾಗೆ ನಾಯಿಯ ಕೂದಲು ಆಗದೆಂದು ನಮ್ಮ ಮನೆಗೆ ಬರಲೊಪ್ಪಲಿಲ್ಲ. ನಾಯಿಯನ್ನು ಬುಟ್ಟಿಯಲ್ಲಿ ಮಲಗಿಸಿ, ಮೇಲೆ ಶಾಲು ಹೊದಿಸಿ, ನನ್ನೊಂದಿಗೆ ಆಟೋದಲ್ಲಿ ಶೇಷಾದ್ರಿಪುರಂನ ಒಂದು ಲಾಡ್ಜಿಗೆ ಬಂದರು.

ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ ಎಂದು ಗೋಡೆಯ ಮೇಲೆ ಬೋರ್ಡಿತ್ತು. ಮ್ಯಾನೇಜರ್ ಕೀ ಕೊಡುವಾಗಲೇ ಬುಟ್ಟಿ ಬೊಗಳಿತು. ಆಂಟಿ ಬಾಯಿಗೆ ಸೆರಗು ಒತ್ತಿ ಕೆಮ್ಮಿದರು. ಬುಟ್ಟಿ ಮತ್ತೆ ಬೊಗಳಿತು. ಆಂಟಿ ಇನ್ನೂ ಜೋರಾಗಿ ಕೆಮ್ಮಿದರು.

"ಅಮ್ಮಾ, ಆ ಶಾಲು ತೆಗೀರಿ," ಎಂದರು ಮ್ಯಾನೇಜರ್.

ಅಷ್ಟರಲ್ಲಿ ಅವರ ಕೌಂಟರಿನ ಕೆಳಗೇ ಏನೋ ಮಿಯಾಂವ್ ಎಂದಿತು. ಈಗ ಮ್ಯಾನೇಜರಿಗೂ ಕೆಮ್ಮು ಬಂತು.

ಆಂಟಿ ಬಗ್ಗಿ ನೋಡಿದರು. ರಟ್ಟಿನ ಡಬ್ಬದಲ್ಲಿ ಬೆಕ್ಕೊಂದು ಮರಿ ಹಾಕಿಕೊಂಡು ಮಲಗಿತ್ತು.

"ಓನರ್‌ಗೆ ಗೊತ್ತಾದ್ರೆ ಇವನ್ನ ಬೀದಿಗೆ ಬಿಡಿಸ್ಬಿಡ್ತಾರೆ ಅಮ್ಮಾ."

"ನಾನ್ಯಾಕಪ್ಪಾ ಹೇಳ್ಲಿ? ಹಾಲು ಹಾಕಿದ್ಯಾ?"

ಮರುದಿನ ನಾನು ಆಂಟಿಯನ್ನು ಕರೆತರಲು ಹೋದಾಗ ಕೌಂಟರಿನಲ್ಲಿ ಯಾರೂ ಇರಲಿಲ್ಲ. ಆಂಟಿಯ ರೂಮಿನ ನೆಲದ ಮೇಲೆ ಮ್ಯಾನೇಜರ್ ಚಕ್ಕಂಬಕ್ಕಳ ಹಾಕಿ ಕೂತು ನಾಯಿಗೆ ಮೊಸರನ್ನ ತಿನ್ನಿಸುತ್ತಿದ್ದರು. ಬೆಕ್ಕಿನ ಮರಿಗಳು ಆಂಟಿಯ ಮಡಿಲಲ್ಲಿ ನಿದ್ದೆ ಹೋಗಿದ್ದವು.

"ಮೆಲ್ಲಗೆ ಮಾತಾಡು," ಎಂದರು ಇಬ್ಬರೂ ಒಟ್ಟಿಗೆ.